ಕಾಕು ನಂಬದ ನೀರು

ಮೊನ್ನೆ ಪ್ರಯೋಗಾಲಯದಲ್ಲಿ ಲಕ್ಕಿ ಸೊಪ್ಪು ಕುದಿಯುತ್ತಿತ್ತು. ಆ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ನವಲಗುಂದದ ನಮ್ಮ ಬಾಜೂ ಮನೆಯ ಕಾಕು ನೆನಪಾದಳು...

ಕಾಕು ಜಮಖಾನೆ ನೇಯುವವರಿಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದಳು. ಮಿಕ್ಕ ಕೆಂಪು ನೀರು ಹಿತ್ತಲ ಚರಂಡಿ ಸೇರುತ್ತಿತ್ತು. ನಾನಾಗ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಲಕ್ಕಿ ಸೊಪ್ಪಿನ ಕಷಾಯಕ್ಕೆ ಸತುವಿನ ಲವಣ ಬೆರೆಸಿ, ಕಾಯಿಸಿ, ಕಣ್ಣಿಗೆ ನಿಲುಕದಷ್ಟು ಸಣ್ಣ ಕಣಗಳ ಬಿಳಿ ಪುಡಿ ಮಾಡಿದ್ದೆ. ಅದು ಅರೆವಾಹಕ, ಬಿಸಿಲು ಬಿದ್ದರೆ ನೀರಿನಲ್ಲಿರುವ ಬಣ್ಣವನ್ನು ಒಡೆಯುತ್ತದೆ. ರಜೆಗೆ ಊರಿಗೆ ಬಂದಾಗ ಕಾಕುವಿನ ಬಳಿ ಒಂದು ಕೊಡ ಕೆಂಪು ನೀರು ಕೇಳಲು ಹೋದೆ.

"ಯಾರು ಕಳಿಸ್ಯಾರ ನಿನ್ನ? ಪುರಸಭೆಯವರೇನು?"

"ಇಲ್ಲ ಕಾಕು, ನನ್ನ ಓದಿಗೆ ಬೇಕಾಗೇತಿ."

ನಂಬಲಿಲ್ಲ. ಆದರೂ ಒಂದು ಬೋಗುಣಿಯಲ್ಲಿ ಕೊಟ್ಟಳು, ಅದು ತನ್ನ ಅಂಗಳ ದಾಟಬಾರದು ಎಂಬ ಕರಾರಿನ ಮೇಲೆ. ನಾನು ಪುಡಿ ಹಾಕಿ ಬಿಸಿಲಿಗಿಟ್ಟು, ಉಂಡು ಬರುವಷ್ಟರಲ್ಲಿ ನೀರು ತಿಳಿಯಾಗತೊಡಗಿತ್ತು. ನಾನೇ ನೀರು ಬದಲಿಸಿದ್ದೇನೆ ಎಂದು ಅವಳ ಗುಮಾನಿ. ಮರುದಿನ ಹೊಸ ನೀರು ತುಂಬಿಸಿ, ಬೋಗುಣಿಯ ಪಕ್ಕ ಮಣೆ ಹಾಕಿಕೊಂಡು ಕುಳಿತಳು. ಊಟಕ್ಕೂ ಏಳಲಿಲ್ಲ. ಸಂಜೆಗೆ ಬೋಗುಣಿಯ ತಳ ಕಾಣುತ್ತಿತ್ತು.

ಬೆರಳದ್ದಿ ಮೂಸಿದಳು. "ಬಣ್ಣ ಎಲ್ಲಿಗೆ ಹೋತು?"

"ಒಡದು ಸಣ್ಣ ಸಣ್ಣ ಚೂರಾತು, ಕಾಕು."

"ಆ ಚೂರು ಎಲ್ಲಿ ಅದಾವ? ನಿನ್ನ ಪುಡಿ?"

"ಪುಡಿ ತಳಕ್ಕ ಕುಂತೈತಿ."

"ಎಲ್ಲಾ?"

ನಾನು ಬಗ್ಗಿ ಬೋಗುಣಿಯೊಳಗೆ ಇಣುಕಿದೆ. ಅವಳು ಎದ್ದುಹೋಗಿ, ಗೂಟದಿಂದ ಆಡು ಬಿಚ್ಚಿ ತಂದಳು. ಅದು ಬೋಗುಣಿಗೆ ಬಾಯಿ ಹಾಕುವಷ್ಟರಲ್ಲಿ ನನಗರಿವಿಲ್ಲದೆ ಅಡ್ಡ ನಿಂತೆ. "ಬ್ಯಾಡ ಕಾಕು!"

ಅವಳು ಆಡನ್ನು ಹಿಂದಕ್ಕೆಳೆದುಕೊಂಡಳು. "ಕೆಂಪಿದ್ರ ಮಂದಿಗೆ ಕಾಣಸ್ತೈತಿ, ದೂರ ಸರೀತಾರ. ನೀ ಕಾಣದಂಗ ಮಾಡೀದಿ, ಅಷ್ಟ."

ಮತ್ತೆ ನೀರು ಕೊಡಲಿಲ್ಲ. ಓದದವಳ ಹಟ ಎಂದು ಸಿಟ್ಟಾದೆ. ಅಂಗಡಿಯಿಂದ ಬಣ್ಣ ತಂದು ಪ್ರಯೋಗ ಮುಗಿಸಿ, 'ನೀರು ಶುದ್ಧವಾಯಿತು' ಎಂದು ಬರೆದೆ. ಪರೀಕ್ಷಕರು ಯಾರೂ ಆಡಿಗೆ ಕುಡಿಸಬಹುದೇ ಎಂದು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ... ಎಷ್ಟೋ ವರ್ಷ.

ಈ ವರ್ಷ, ಕೊನೆಗೂ, ವಿಷ ಉಳಿದಿದೆಯೇ ನೋಡಲು ಅಂಥ ತಿಳಿನೀರಿನಲ್ಲಿ ಮೆಂತ್ಯೆ ನೆನೆಹಾಕಿದೆ. ನಲ್ಲಿ ನೀರಿನ ಕಾಳು ಬೆಳ್ಳಗೆ ಮೊಳೆತವು. ನನ್ನ ನೀರಿನವು ತುದಿ ಕಪ್ಪಾಗಿ ಅಲ್ಲಿಗೇ ನಿಂತವು.

ಕಾಕುವಿಗೆ ಹೇಳಲೆಂದೇ, ನಾವು ಎಂದೋ ಬಿಟ್ಟುಬಂದ ನವಲಗುಂದಕ್ಕೆ ಹೋದೆ. ಕಾಕು ಹೋದ ವರ್ಷವೇ ತೀರಿಕೊಂಡಿದ್ದಳು. ಅವಳ ಸೊಸೆಯ ಮುಂದೆ ಎಲ್ಲ ಹೇಳಿದೆ.

"ಹೌದೇನ್ರಿ? ಓದಿದವರು ನೀವು, ಹೇಳಿದ ಮ್ಯಾಲೆ ಖರೇನ ಇರ್ಬೇಕ್ರಿ," ಎಂದು ಆಕೆ ಚಹಾಕ್ಕಿಡಲು ಒಳಗೆ ಹೋದಳು.

ನನ್ನ ಮಾತನ್ನು ಅನುಮಾನಿಸಲು ಆ ಮನೆಯಲ್ಲಿ ಈಗ ಯಾರೂ ಇರಲಿಲ್ಲ.