ನಿಧಾನವಾಗಿ ಬಾ

ಅತ್ತೆ ಕಳಿಸಿದ ಮೆಸೇಜು ಚಿಗುಸಳ ತಲೆಯಿಂದ ಇಳಿಯಲೊಲ್ಲದು. ‘ಕೊಹರು ಬಹಳ ಸಾಧು ಮಗು. ಮಧ್ಯಾಹ್ನದಿಂದ ಒಂದು ಸಲವೂ ಅತ್ತಿಲ್ಲ. ನೀನು ನಿಧಾನವಾಗಿ ಬಾ.’ ಬೆಳಿಗ್ಗೆ ಮೈ ಸುಡುತ್ತಿದ್ದ ಎರಡು ವರ್ಷದ ಮಗಳು ಅಳಲಿಲ್ಲವೆಂದರೆ ನೆಮ್ಮದಿಪಡಬೇಕೋ, ಹೆದರಬೇಕೋ? ಫೋನ್ ಮಾಡಿದರೆ, ಸೊಸೆಗೆ ತನ್ನ ಮೇಲೆ ನಂಬಿಕೆಯಿಲ್ಲ ಎಂದುಕೊಂಡಾರು ಅತ್ತೆ.

ಟೋಕಿಯೊದಲ್ಲಿ ಓದಿ ಬೆಳೆದ ಚಿಗುಸ ಮದುವೆಯಾಗಿ ಕ್ಯೋಟೊಗೆ ಬಂದು ಐದು ವರ್ಷವಾಯಿತು. ಸಂಜೆ ಹೊತ್ತು ಪ್ರವಾಸಿಗರನ್ನು ಹಾಡು-ಕುಣಿತದ ಗೇಶಾ ಕಲಾವಿದೆಯರ ಹಳೆಯ ಓಣಿಗಳಲ್ಲಿ ಸುತ್ತಾಡಿಸುವುದು ಅವಳ ಕೆಲಸ. ಇಂದು ಒಂಬತ್ತು ಜನರಿದ್ದರು. ಒಂದು ಚಹಾಮನೆಯ ಮುಂದೆ ನಿಂತು ವಿವರಿಸುತ್ತಿದ್ದಾಗ ಬಾಗಿಲು ಸರಿಯಿತು. ಮುದುಕಿ ಒಡತಿ ಸುಗಿನೊ ಮುಗುಳ್ನಕ್ಕರು.

“ನಿನ್ನ ದನಿ ಎಷ್ಟು ಚಂದ ತಾಯಿ. ಒಳಕೋಣೆವರೆಗೂ ಕೇಳಿಸ್ತು.”

ಚಿಗುಸ ತಲೆಬಾಗಿ ಕ್ಷಮೆ ಕೇಳಿ, ಎಲ್ಲರನ್ನೂ ಮುಂದಕ್ಕೆ ನಡೆಸಿದಳು.

“ಹೊಗಳಿದ್ರೆ ಕ್ಷಮೆ ಯಾಕೆ ಕೇಳಿದ್ರಿ?” ಎಂದ ಒಬ್ಬ ಪ್ರವಾಸಿ.

“ಬಾಯಿ ಮುಚ್ಚು ಅಂದ್ರು ಅವ್ರು. ಈ ಊರಲ್ಲಿ ಯಾರೂ ಬಿಚ್ಚಿ ಹೇಳಲ್ಲ. ಹೇಳಿದ್ದನ್ನ ನಾವೇ ತಿರುವಿ ಕೇಳಿಸ್ಕೋಬೇಕು.”

ಎಲ್ಲರೂ ನಕ್ಕರು. ಚಿಗುಸಳ ನಗು ಮಾತ್ರ ಅರ್ಧಕ್ಕೇ ನಿಂತಿತು. ದಿನಾ ಬೀದಿಯಲ್ಲಿ ಒಪ್ಪಿಸುವ ಈ ಪಾಠವನ್ನು ಅವಳು ಮನೆಯ ಮಾತಿಗೆ ಹಚ್ಚಿ ನೋಡಿರಲಿಲ್ಲ.

ಪಕ್ಕದ ಕಾಗದದ ದೀಪದ ಕೆಳಗೆ ಸರಿದು ಫೋನ್ ಮಾಡಿದಳು.

“ಅತ್ತೆ, ನಾನು ಈಗ್ಲೇ ಹೊರಡ್ಲಾ?”

ಯಾವತ್ತೂ ಮಾತಿಗೆ ಬೆಣ್ಣೆ ಸವರಿಯೇ ಆಡುವ ಅತ್ತೆ ಈ ಸಲ ಸವರಲಿಲ್ಲ.

“ಬೇಗ ಬಾ,” ಎಂದರು.