ಚಿಕ್ಕಪ್ಪನ ಭಾಗಕ್ಕೆ ಬಾರದ ಕಾಯಿಲೆ

ಗೆಳೆಯರೇ, ಕಾಯಿಲೆಯನ್ನೂ ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳಬಹುದು ಎಂದು ನನಗೆ ಇವತ್ತೇ ಗೊತ್ತಾಗಿದ್ದು.

ಅಪ್ಪನ ಶ್ವಾಸಕೋಶ, ಲಿವರ್ ಎರಡೂ ಕೆಟ್ಟಿರುವುದು ವಂಶದಲ್ಲೇ ಬರುವ ತೊಂದರೆಯಿಂದ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ರಕ್ತಪರೀಕ್ಷೆ ಮಾಡಿಸಿ ಎಂದು ತಿಪಟೂರಿನ ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ಪಕ್ಕದ ತೋಟದ ಚಿಕ್ಕಪ್ಪನನ್ನು ಕರೆಯಲು ಹೋದೆ. ಬೀಡಿ ಹಚ್ಚಿಕೊಂಡು ಜಗಲಿ ಮೇಲೆ ಕೂತಿದ್ದರು.

"ನಮಗೂ ನಿಮಗೂ ಭಾಗ ಆಗಿ ಯಾವ ಕಾಲ ಆಯ್ತು ಕಣ್ಲಾ! ನಿಮ್ಮನೆ ಕಾಯ್ಲೆ ನಮಗ್ಯಾಕೆ ಬತ್ತೈತೆ?"

"ಭಾಗ ಆಗಿರೋದು ತೋಟ, ಚಿಕ್ಕಪ್ಪ. ರಕ್ತ ಒಂದೇ ಅಲ್ವಾ?"

"ಪಂಚಾಯ್ತೀಲಿ ಯಾರೂ ಹಂಗಂದಿಲ್ಲ ಬುಡು" ಎಂದವರಿಗೆ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ.

ಪೊರಕೆಗೆಂದು ತೆಂಗಿನ ಗರಿ ಸೀಳುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆ ಕೇಳಿದರು: "ಹಂಗಾರೆ ಈ ಕೆಮ್ಮು ಯಾರ ಭಾಗದ್ದು ಅಂತ ಹೇಳ್ರಿ?"

ಚಿಕ್ಕಪ್ಪ ಬೀಡಿ ಆರಿಸಿ, ಅಂಗಿ ಹಾಕಿಕೊಂಡು, ಮುಖ ಊದಿಸಿಕೊಂಡೇ ನನ್ನ ಬೈಕ್ ಹತ್ತಿದರು.

ಮಧ್ಯಾಹ್ನ ರಕ್ತ ಕೊಟ್ಟು ವಾಪಸ್ ಬಂದವರು ಸೀದಾ ನಮ್ಮ ತೋಟಕ್ಕೆ ನುಗ್ಗಿ, ಉದುರಿದ್ದ ಕಾಯಿಗಳನ್ನು ಆರಿಸತೊಡಗಿದರು.

"ಅವು ನಮ್ಮವು, ಚಿಕ್ಕಪ್ಪ!"

"ರಕ್ತ ಒಂದೇ ಅಂತ ಬೆಳಿಗ್ಗೆ ನೀನೇ ಅಂದ್ಯಲ್ಲಾ?"

ರಿಪೋರ್ಟ್ ಇನ್ನೂ ಬಂದಿಲ್ಲ. ಕಾಯಿ ಮಾತ್ರ ಆಗಲೇ ಹೋದವು.