ಅಕ್ಕನ ಕರ್ನೆಲ್, ನನ್ನ ಪ್ರೋಗ್ರಾಮ್, ನಡುವಿನ ಫೈಲ್‌ಗಳು

ನನ್ನ ಅಕ್ಕ ಚನ್ನಗಿರಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳುತ್ತಾಳೆ. ತರಗತಿಯಲ್ಲಿ ತೋರಿಸಲೆಂದು ಶುರುಮಾಡಿದ ಪುಟ್ಟ ಆಪರೇಟಿಂಗ್ ಸಿಸ್ಟಮ್ ಒಂದು ಅವಳ ಕೈಯಲ್ಲಿ ವರ್ಷಗಟ್ಟಲೆ ಬೆಳೆಯಿತು. ನಾನು ಹೊನ್ನಾಳಿಯಲ್ಲಿ ತೂಕದ ಯಂತ್ರ ರಿಪೇರಿ ಮಾಡುವವನು. ಅವಳ ಸಿಸ್ಟಮ್ಮನ್ನು ಕುರಿ ತೂಗುವ ಯಂತ್ರಕ್ಕೆ ಹಾಕೋಣವೆಂದು ಹಟ ಹಿಡಿದವನು ನಾನೇ. ಯಂತ್ರದ ಭಾಗಗಳನ್ನು ಆಡಿಸುವ ಒಳಗಿನ ಕರ್ನೆಲ್ ಅವಳದು. ಅದರ ಮೇಲೆ ಓಡುತ್ತ ಪರದೆಯಲ್ಲಿ ತೂಕ ತೋರಿಸುವ ಪ್ರೋಗ್ರಾಮ್ ನನ್ನದು.

ಮೊದಲ ಪರೀಕ್ಷೆ ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಗೂಡ್ಸ್ ಆಟೊದಲ್ಲಿ ಯಂತ್ರ ಹೇರಿಕೊಂಡು ಹೋದೆ. ಕುರಿ ರೊಪ್ಪದ ಯಜಮಾನಿ ದೊಡ್ಡ ಟಗರನ್ನು ಹಲಗೆಯ ಮೇಲೆ ನಿಲ್ಲಿಸಿದರು. ನೂರು ಕೆಜಿ. ಮರಿ ನಿಲ್ಲಿಸಿದರು. ಅದೂ ನೂರು.

“ಏನಣ್ಣಾ, ನಿನ್ ಮಿಷನ್ನಿಗೆ ಟಗರೂ ಒಂದೇ, ಮರೀನೂ ಒಂದೇ ಏನು?”

ವೈರು ಕಿತ್ತು ಸಿಕ್ಕಿಸಿದೆ. ಖಾಲಿ ಹಲಗೆಗೂ ನೂರೇ. ಬೆವರು ಒರೆಸಿಕೊಳ್ಳುತ್ತಿದ್ದಾಗ ಅವರೇ ಮತ್ತೆ ಕೂಗಿದರು: “ನೋಡಿಲ್ಲಿ, ಈಗ ತೊಂಬತ್ತೊಂಬತ್ತು ಐತೆ. ಯಾರೂ ನಿಂತಿಲ್ಲ, ಒಂದ್ ಕೆಜಿ ಎಲ್ಲಿಗೋತು?”

ಪರದೆಯತ್ತ ಬಗ್ಗಿ ನೋಡಿದೆ. ಬೆಳಗ್ಗೆಯಷ್ಟೇ ಪೂರ್ತಿ ಚಾರ್ಜ್ ಮಾಡಿದ್ದೆ. ಅದು ತೂಕವಲ್ಲ, ಬ್ಯಾಟರಿ!

ಅಲ್ಲಿಂದಲೇ ಅಕ್ಕನಿಗೆ ಫೋನ್ ಹಚ್ಚಿದೆ. “ಬ್ಯಾಟರಿದು ಏನಾದ್ರೂ ಸೇರಿಸಿದ್ಯೇನಕ್ಕಾ?”

“ಹೂಂ ಕಣೋ, ಹೋದ ವಾರ. ತೂಕಕ್ಕಿಂತ ಮೊದಲು ಹಾಕೀನಿ. ಅಯ್ಯೋ, ನಿನ್ನತ್ರ ಹಳೇ ಹೆಡರ್ ಐತಾ?”

ಹೆಡರ್ ಫೈಲ್ ಎಂದರೆ ಯಾವ ಮಾಹಿತಿ ಯಾವ ಹೆಸರಿನಲ್ಲಿ, ಯಾವ ಕ್ರಮದಲ್ಲಿ ಇದೆ ಎಂದು ಹೇಳುವ ಪಟ್ಟಿ. ಅವಳದನ್ನು ನಾನು ಹಿಂದೆಯೇ ನಕಲು ಮಾಡಿಕೊಂಡಿದ್ದೆ. ಹೊರಡುವ ಮೊದಲು ಯಂತ್ರಕ್ಕೆ ಅವಳ ಹೊಸ ಕರ್ನೆಲ್ ಹಾಕಿದ್ದೆ. ಅವಳ ಪಟ್ಟಿ ಬದಲಾಗಿತ್ತು, ನನ್ನದು ಹಾಗೇ ಉಳಿದಿತ್ತು. ಮೊದಲ ಜಾಗದಲ್ಲಿ ತೂಕವಿದೆ ಎಂದು ನಂಬಿ ನಾನು ಬ್ಯಾಟರಿಯನ್ನು ಓದುತ್ತಿದ್ದೆ.

ಭಾನುವಾರ ಬೈಕ್ ಹತ್ತಿ ಚನ್ನಗಿರಿಗೆ ಹೋದೆ. “ಹೊಸ ಫೈಲ್ ಕೊಡು, ಹಾಕ್ಕೊಂಡು ಹೋಗ್ತೀನಿ,” ಎಂದೆ.

“ಮತ್ತೆ ನಾನೇನಾದ್ರೂ ಸೇರಿಸಿದ್ರೆ? ಬ್ಯಾಡ, ಕೂತ್ಕೋ. ಇದನ್ನ ನೆಟ್ಟಗೆ ಮಾಡಾಕೇ ಬೇಕು.”

ಅವಳ ಹೆಡರ್‌ಗಳೆಲ್ಲ ಒಂದೇ ಫೋಲ್ಡರಿನಲ್ಲಿ ತುಂಬಿಕೊಂಡಿದ್ದವು. ಎರಡು ಫೋಲ್ಡರ್ ಮಾಡಿದೆವು. ಕರ್ನೆಲ್ ಮತ್ತು ಪ್ರೋಗ್ರಾಮ್ ಎರಡಕ್ಕೂ ಬೇಕಾದದ್ದು ಒಂದರಲ್ಲಿ, ಕರ್ನೆಲ್ಲಿನ ಸ್ವಂತ ವಿಚಾರ ಇನ್ನೊಂದರಲ್ಲಿ. ಹಂಚಿಕೊಂಡ ಫೈಲ್‌ಗಳನ್ನು ಕರ್ನೆಲ್ ಬಳಸಬಹುದು. ಆದರೆ ಆ ಫೈಲ್‌ಗಳು ಕರ್ನೆಲ್ಲಿನ ಒಳಗಿನದನ್ನು ಕರೆಯಕೂಡದು. ನನ್ನ ನಕಲುಗಳನ್ನೆಲ್ಲ ಅಳಿಸಿ ಹಾಕಿದಳು. ಆಮೇಲೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸಲು ಕಂಪೈಲ್ ಮಾಡಿದರೆ ಪರದೆ ತುಂಬ ದೋಷಗಳ ಸಾಲು.

“ಹಾಳಾತು,” ಎಂದೆ.

“ಹಾಳಾಗಿಲ್ಲ, ಸಿಕ್ಕಿಬಿದ್ದಿದೀಯ!” ಅಕ್ಕ ಕೈ ತಟ್ಟಿ ನಕ್ಕಳು. “ಒಂದೇ ಒಂದು ಅಂಕಿಗೋಸ್ಕರ ನನ್ನ ಬೀಗದ ಫೈಲ್ ಪೂರ್ತಿ ಎಳ್ಕೊಂಡಿದೀಯ, ನೋಡು.”

ಬೀಗ ಎಂದರೆ ಕರ್ನೆಲ್ಲಿನ ಎರಡು ಕೆಲಸಗಳು ಒಟ್ಟಿಗೇ ಒಂದು ಮಾಹಿತಿಗೆ ಕೈ ಹಾಕದಂತೆ ತಡೆಯುವ ವ್ಯವಸ್ಥೆ. ಅದು ನನಗೇಕೆ? ಬೇಕಾದ ಅಂಕಿಯನ್ನು ಹಂಚಿಕೊಂಡ ಫೋಲ್ಡರಿಗೆ ತಂದೆವು. ಆ ಸಾಲು ಹೋಯಿತು. ಮುಂದಿನದು. ಅದೂ ಹೋಯಿತು. ಒಲೆಯ ಮೇಲಿನ ಅನ್ನ ತಳ ಹಿಡಿದರೂ ಇಬ್ಬರೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಪರದೆಯಲ್ಲಿ ಒಂದೂ ದೋಷವಿಲ್ಲ. ನಾನು ಕುರ್ಚಿಯಿಂದ ಎದ್ದು ನಿಂತೇಬಿಟ್ಟೆ.

ಮುಂದಿನ ಸಲ ಬಿಳಿಚೋಡಿಗೆ ಅಕ್ಕನೂ ಬಂದಳು. ತನ್ನ ಕರ್ನೆಲ್ ಕುರಿಗಳ ನಡುವೆ ಓಡುವುದನ್ನು ಅವಳು ನೋಡಿದ್ದು ಅದೇ ಮೊದಲು. ಟಗರಿಗೆ ಟಗರಿನ ತೂಕ ಬಂತು. ಮರಿ ಮಾತ್ರ ನಿಂತಲ್ಲಿ ನಿಲ್ಲದು, ಅಂಕಿ ಕುಣಿಯುತ್ತಿತ್ತು. ಅಕ್ಕ ಸೀರೆಯ ಸೆರಗು ಸಿಕ್ಕಿಸಿ ಮರಿಯನ್ನೆತ್ತಿಕೊಂಡು ತಾನೇ ಹಲಗೆ ಹತ್ತಿದಳು.

“ನನ್ನ ತೂಕ ಕಳೆದು ತೋರ್ಸಾಕೆ ಬರತೈತೇನೋ?”

ಬೇವಿನ ಮರದಡಿ ಕೂತು ಲ್ಯಾಪ್‌ಟಾಪ್ ತೆರೆದೆ. ಅವಳ ಒಂದು ಫೈಲನ್ನೂ ಮುಟ್ಟದೆ, ನನ್ನ ಪ್ರೋಗ್ರಾಮಿನಲ್ಲೇ ಕೆಲವು ಸಾಲು ಬರೆದು ಯಂತ್ರಕ್ಕೆ ಹಾಕಿದೆ. ಮೊದಲು ಬರಿಗೈಯಲ್ಲಿ, ಆಮೇಲೆ ಮರಿಯೊಂದಿಗೆ ಅಕ್ಕ ಹಲಗೆ ಹತ್ತಿದಳು. ಮರಿಯ ತೂಕವಷ್ಟೇ ಪರದೆಯ ಮೇಲೆ ಬಂತು.

“ಬಂತು ನೋಡ್ರೀ!” ಎಂದು ಅಕ್ಕ ಹಲಗೆಯ ಮೇಲಿಂದಲೇ ಯಜಮಾನಿಗೆ ಕೂಗಿ ಹೇಳಿದಳು.